ನನ್ನಮ್ಮನ ಪರವಾಗಿ ಕ್ಷಮೆ

"ನನ್ನಮ್ಮನ ಪರವಾಗಿ ಕ್ಷಮೆ ಕೇಳೋಕೆ ನೀನ್ಯಾರು?"

ಸಿಯಾಟಲ್ ಬಳಿಯ ಇಸ್ಸಾಕ್ವಾದಲ್ಲಿ ಜಾಹ್ನವಿಯ ಮನೆಯ ಮುಂದೆ ಕಾರು ಹತ್ತಲು ಹೊರಟಿದ್ದ ಜಯಂತ ಬೆಚ್ಚಿ ತಿರುಗಿದ. ಮದುವೆ ಮಾತಿಗೆಂದು ಮೈಸೂರಿನಿಂದ ಬಂದಿದ್ದ ಅವನ ಅಪ್ಪ, ಅಮ್ಮ ಆಗಲೇ ಕಾರಿನೊಳಗೆ ಕೂತಿದ್ದರು.

"ಜಾಹ್ನವಿ, ಮೆಲ್ಲಗೆ ಮಾತಾಡು..."

"ಯಾಕೆ ಮೆಲ್ಲಗೆ? 'ಆಂಟಿ ಫಿನ್‌ಲೆಂಡ್‌ನವರಮ್ಮಾ, ಪಾಪ, ಉಪಚಾರ ಗೊತ್ತಿಲ್ಲ, ಸಾರಿ' ಅಂತ ನಿಮ್ಮಮ್ಮಂಗೆ ಹೇಳಿದ್ಯಲ್ಲ! ನಂಗೆ ಕೇಳಿಸ್ತು!"

ಆದದ್ದಿಷ್ಟೇ. ಜಾಹ್ನವಿಯ ಅಮ್ಮ ರಿತ್ವಾ ಬೆಳಗ್ಗೆಯೇ ಎದ್ದು ಬಿಸಿಬೇಳೆಬಾತ್ ಮಾಡಿದ್ದಳು. ಎರಡನೇ ಸಲ ಬಡಿಸಲು ಬಂದಾಗ ಜಯಂತನ ತಾಯಿ ರಾಧಮ್ಮ ಸಂಕೋಚಕ್ಕೆ "ಸಾಕು" ಎಂದರು. ಅವರ ಕಡೆ ಸಾಕು ಎಂದವರಿಗೆ ಇನ್ನೆರಡು ಸಲವಾದರೂ ಒತ್ತಾಯ ಮಾಡಬೇಕು. ರಿತ್ವಾ ಸೌಟು ಹಿಡಿದು ಸೀದಾ ಒಳಗೆ ಹೋಗಿಬಿಟ್ಟಳು! ಬೀಗರಾಗಬೇಕಾದವರು ಮುಖ ಊದಿಸಿಕೊಂಡು ಅರೆಹೊಟ್ಟೆಯಲ್ಲಿ ಎದ್ದರು.

ಪಾಪವಂತೆ, ಪಾಪ! ಜಾಹ್ನವಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದನೇ ವಯಸ್ಸಿಗೆ ಒಂದೇ ಸೂಟ್‌ಕೇಸ್ ಹಿಡಿದು ಸಿಯಾಟಲ್‌ಗೆ ನರ್ಸ್ ಆಗಿ ಬಂದವಳು ಅಮ್ಮ. ಮೈಸೂರಿನ ಚಂದ್ರಮೌಳಿಯನ್ನು ಮದುವೆಯಾಗಿ ಕನ್ನಡವನ್ನೇ ಮನೆಮಾತು ಮಾಡಿಕೊಂಡವಳು. ಅಪ್ಪ ಹಾಸಿಗೆ ಹಿಡಿದಾಗ, ಅವರು ಹೋಗುವ ತನಕ ಎರಡು ವರ್ಷ ಒಬ್ಬಳೇ ಅವರ ಮೈ ತೊಳೆದವಳು... ಅವಳಿಗೆ ಉಪಚಾರ ಗೊತ್ತಿಲ್ಲವೇ?

"ಇನ್ಮೇಲೆ ನಮ್ಮನೆಗೆ ಬರ್ಬೇಡ! ಕಾಲ್ ಕೂಡ ಮಾಡ್ಬೇಡ!"

ಜಯಂತ ಬರಲಿಲ್ಲ. ಕಾಲ್ ಕೂಡ ಮಾಡಲಿಲ್ಲ. ಒಂದು ದಿನ, ನಾಲ್ಕು ದಿನ, ಹನ್ನೊಂದು ದಿನ...

ಕೋಪ ಇಳಿಯುವ ಬದಲು ಎರಡು ಪಟ್ಟಾಯಿತು. 'ಬರಬೇಡ ಅಂದ್ರೆ ಬರದೇ ಇರೋದಾ? ಮೂರು ವರ್ಷದ ಪ್ರೀತಿ ಇಷ್ಟೇನಾ?' ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಅಡುಗೆಮನೆಯ ಪಾತ್ರೆಗಳೆಲ್ಲ ಏಟು ತಿಂದವು.

ರಿತ್ವಾ ಕಾಫಿ ಕುಡಿಯುತ್ತಾ ನೋಡಿದಳು. "ನೀನು ಬರ್ಬೇಡ ಅಂದೆ. ಅವನು ಬರ್ಲಿಲ್ಲ. ತಪ್ಪೇನು?"

"ಅಮ್ಮಾ! ನಿನಗೋಸ್ಕರ ಜಗಳ ಆಡಿದ್ದು ನಾನು!"

"ನಾನು ಕೇಳಿದ್ನಾ?" ರಿತ್ವಾ ಲೋಟ ಕೆಳಗಿಟ್ಟಳು. "ಒತ್ತಾಯ ಮಾಡ್ಬೇಕು ಅಂತ ನಂಗೆ ಗೊತ್ತು. ನಿಮ್ಮಪ್ಪ ಹೇಳಿಕೊಟ್ಟಿದ್ರು. ನಾನೇ ಮಾಡಲ್ಲ. ಸಾಕು ಅಂದೋರ ಮಾತಿಗೆ ಬೆಲೆ ಕೊಡೋದೇ ನನ್ನ ಉಪಚಾರ. ಮದುವೆಯಾದ ಹೊಸದ್ರಲ್ಲಿ ನಿಮ್ಮಪ್ಪ ಒಂದು ತಿಂಗಳು ಹಸ್ಕೊಂಡೇ ಮಲಗಿದ್ರು. ಆಮೇಲೆ ಬಾಯಿಬಿಟ್ಟು ಕೇಳೋದು ಕಲಿತ್ರು."

ಜಾಹ್ನವಿ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಿಲ್ಲದೆ ಕಟ್ಟೆಯ ಮೇಲಿಟ್ಟಳು.

"ಅವನು ಬೇಕಾ? ಹೋಗಿ ಹೇಳು."

ಅರ್ಧ ಗಂಟೆಯಲ್ಲಿ ಅವಳು ಓವರ್‌ಲೇಕ್‌ನಲ್ಲಿ ಜಯಂತನ ಆಫೀಸಿನ ಎದುರಿಗಿದ್ದಳು. ಲಂಚ್‌ಗೆಂದು ಹೊರಬಂದವನ ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು.

"ಯಾಕೋ ಬರ್ಲಿಲ್ಲ?"

"ನೀನೇ ಬರ್ಬೇಡ ಅಂದೆ. ಒಂದ್ಸಲ ಅವಮಾನ ಮಾಡಿದ್ದೆ... ನಿನ್ನ ಮಾತು ಮೀರಿ ಬಂದು ಇನ್ನೊಂದ್ಸಲ ಮಾಡ್ಲಾ? ಅವತ್ತು ಕಾರಲ್ಲೇ ಅಮ್ಮಂಗೆ ಹೇಳ್ದೆ, ಆಂಟಿದು ತಪ್ಪಿಲ್ಲ, ನಿಮ್ಮ ಮುಖ ನೋಡಿ ಹೆದರಿದ ನಾನೇ ಹೇಡಿ ಅಂತ."

"ಏನಂದ್ರು?"

"ಒಂದು ವಾರ ಮಾತು ಬಿಟ್ರು. ನಿನ್ನೆ, 'ಬಾತ್ ಚೆನ್ನಾಗಿತ್ತು ಕಣೋ, ಸುಮ್ನೆ ಸಾಕು ಅಂದ್ಬಿಟ್ಟೆ' ಅಂದ್ರು."

ಜಾಹ್ನವಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ನಂಗೆ ನೀನು ಬೇಕು ಜಯಂತ್! ಕೋಪದಲ್ಲೇ ಹೇಳ್ತಿದೀನಿ, ಸರಿಯಾಗಿ ಕೇಳ್ಕೋ. ಬೇಕು!"

ಅವನು ಮೆಲ್ಲಗೆ ಅವಳ ಕೈ ಹಿಡಿದ. ಅವನ ಕಣ್ಣು ತುಂಬಿತ್ತು. "ನಡಿ, ಮನೆಗೆ ಹೋಗೋಣ. ಆಂಟಿ ಹತ್ರ ಕ್ಷಮೆ ಕೇಳ್ಬೇಕು. ಈ ಸಲ ನನ್ನ ಪರವಾಗಿ."

ಅವಳು ಕಾರಿನ ಕಡೆ ಹೆಜ್ಜೆ ಹಾಕಿದಳು.

"ಕೋಪ ಹೋಯ್ತಾ?"

"ಇಲ್ಲ."

"ಹಾಗಾದ್ರೆ ಕೈ ಬಿಡ್ಲಾ?"

"ಬಿಟ್ಟು ನೋಡು!" ಎಂದಳು ಜಾಹ್ನವಿ.