ಭಂಡಾರದ ಚೀಲದ ಗುಳಿಗೆ

ಎರಡು ಹಲ್ಲು, ಒಂದು ಪಕ್ಕೆಲುಬು. ಹೊಳೆವ್ವನ ಗುಳಿಗೆ ಹುಡುಕಲು ಅಲ್ಲಿಯವರೆಗೆ ನನಗೆ ತಗುಲಿದ ಖರ್ಚು ಇಷ್ಟು.

ಈಗ ತಲೆಯ ಸರದಿ!

ಚಿಕ್ಕಪಡಸಲಗಿ ಬ್ಯಾರೇಜಿನ ಅಂಚಿನಲ್ಲಿ ಅರ್ಧ ಹೊರಗೆ ನೇತಾಡುತ್ತಿದ್ದೆ. ಕೆಳಗೆ ಕೃಷ್ಣೆ. ಮೇಲೆ ನನ್ನ ಕತ್ತು ಹಿಡಿದ ದುರಗೇಶ. ಉಸುಕಿನ ಸಾಹುಕಾರ ಚನಮಲ್ಲಪ್ಪನ ಬಲಗೈ.

"ಗುಳಿಗಿ ಗಿಳಿಗಿ ಅಂತ ಮತ್ತ ಕೇಳ್ತಿಯೇನ್ಲೇ?"

ಕೇಳಲೇಬೇಕಿತ್ತು. ಬೀಡಿ ಮುಟ್ಟದ, ಕುರಿ ಕಾಯುವ ಹೊಳೆವ್ವನಿಗೆ ಶ್ವಾಸಕೋಶದ ಕ್ಯಾನ್ಸರ್. ಗಂಟಿನ ಚೂರನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಒಂದು ಜೀನ್ ಕೆಟ್ಟಿತ್ತು. ಆ ಕೆಟ್ಟದ್ದನ್ನೇ ಗುರಿಯಿಟ್ಟು ಹೊಡೆಯುವ ಗುಳಿಗೆ ಕೊಟ್ಟರು. ಹಾಸಿಗೆ ಹಿಡಿದವಳು ಎದ್ದು ಕುರಿಗಳ ಹಿಂದೆ ಓಡಿದಳು!

ಆಮೇಲೆ ಡಬ್ಬಿ ಮಾಯ. ಹೊಸ ಡಬ್ಬಿ ಬರಲು ತಿಂಗಳು ಬೇಕು. ರೋಗ ತಿಂಗಳು ಕಾಯುವುದಿಲ್ಲ... ಮಗ ಅಮಸಿದ್ದಪ್ಪ, ಕಳುವಾದದ್ದು ಹುಡುಕಿಕೊಡುವ ನನ್ನ ಬಳಿ ಬಂದ.

"ಅವ್ವ ಉಳೀಬೇಕ್ರಿ" ಅಂದ.

ಹೊಳೆವ್ವ ಡಬ್ಬಿ ಇಡುತ್ತಿದ್ದುದು ಬೀರಪ್ಪನ ಜಗಲಿಯ ಮೇಲೆ, ಅರಿಶಿನದ ಭಂಡಾರ ತುಂಬಿದ ಚೀಲದೊಳಗೆ. ದೇವರು ಮುಟ್ಟಿದ ಔಷಧ ಬೇಗ ನಾಟುತ್ತದಂತೆ.

ನನ್ನ ಕತ್ತಿಗೆ ಬಂದ ದುರಗೇಶನ ಉಗುರು ನೋಡಿದೆ.

ಹಳದಿ!

"ಬೀರಪ್ಪಗ ಯಾವಾಗಿಂದ ನಡಕೊಳ್ಳಾಕತ್ತಿ, ದುರಗ್ಯಾ?"

"ಯಾವ ಬೀರಪ್ಪ?"

"ನಿನ್ನ ಉಗುರು ನೋಡ್ಕೋ."

ನೋಡಿದ. ಮೂರ್ಖ!

ಮೊಣಕಾಲು ಅವನ ಹೊಟ್ಟೆಗೆ. ಹಣೆ ಅವನ ಮೂಗಿಗೆ. ಇಬ್ಬರೂ ಒಳಗೆ ಉರುಳಿದೆವು. ತೋಳು ತಿರುವಿದೆ. ಟಕ್ ಎಂದಿತು.

"ಎಲ್ಲೈತಿ?"

"ಜೀಪಿನ್ಯಾಗ... ಸಾಹುಕಾರ್ರ ಕಡೆ... ಬಿಡೋ ಯಪ್ಪಾ!"

ಜೀಪು ಬ್ಯಾರೇಜಿನ ತುದಿಯಲ್ಲಿತ್ತು. ಓಡಿದೆ. ಬಾಗಿಲು ತೆಗೆದರೆ ಚನಮಲ್ಲಪ್ಪನ ಪಿಸ್ತೂಲು! ಕೈಗೆ ಬೀಸಿ ಹೊಡೆದೆ. ಗುಂಡು ಕಿವಿ ಸವರಿ ಹೋಯಿತು. ಪಿಸ್ತೂಲು ನೀರಿಗೆ.

ಅವನು ಮತ್ತೆ ಕೈ ಎತ್ತಲಿಲ್ಲ. ಕೆಮ್ಮಿದ. ಕರವಸ್ತ್ರ ಕೆಂಪಾಯಿತು. ಗುಳಿಗೆ ತಿಂದು ಮುಖದ ತುಂಬ ಗುಳ್ಳೆ ಎದ್ದಿದ್ದವು. ತೊಡೆಯ ಮೇಲೆ ಡಬ್ಬಿ.

"ಆಕಿಗೂ ಅದ ಕ್ಯಾನ್ಸರ್, ನನಗೂ ಅದ! ಕುರಿ ಕಾಯೋಳಿಗಿ ನಡೀತೈತಿ, ನನಗ ನಡೆಂಗಿಲ್ಲ ಅಂತಾನ ಆ ಡಾಕ್ಟರ್!"

"ಖರೆ ಹೇಳ್ಯಾರ್ರಿ. ಅಂದ್ರ ನಿಮ್ಮ ಗಂಟಿನ್ಯಾಗ ಆ ಜೀನ್ ಕೆಟ್ಟಿಲ್ಲ."

"ಕೆಟ್ಟಿಲ್ಲಂದ್ರ ಛಲೋ ಅಲ್ಲೇನೋ?"

"ಈ ಗುಳಿಗಿಗಿ ಗುರಿನ ಇಲ್ರಿ, ಸಾಹುಕಾರ್ರ. ನಿಮಗ ಕೀಮೋ ನಡೆದಿತ್ತಲ್ಲ?"

ಅವನು ಕಣ್ಣು ತಗ್ಗಿಸಿದ.

"ಬಿಟ್ಟೆ... ಇದು ಸಿಕ್ತಲ್ಲ ಅಂತ."

ಬೈಯಬೇಕೆಂದಿದ್ದೆ.

"ಇವತ್ತ ದವಾಖಾನಿಗಿ ಹೋಗ್ರಿ" ಅಂದೆ. ಡಬ್ಬಿ ಕಿತ್ತುಕೊಂಡೆ.

ನಡೆದದ್ದೆಲ್ಲ ಕೇಳಿ ಹೊಳೆವ್ವ ನನ್ನ ಒಡೆದ ಹಣೆಗೆ ಭಂಡಾರ ಹಚ್ಚಿದಳು. ಒಂದು ಗುಳಿಗೆ ನುಂಗಿದಳು. ಡಬ್ಬಿಯನ್ನು ಮತ್ತೆ ಅದೇ ಚೀಲಕ್ಕೆ ಹಾಕಿದಳು!

"ಕಪಾಟಿನ್ಯಾಗ ಇಡಬೇ ಯವ್ವಾ!"

"ಕಪಾಟಿನ್ಯಾಗ ಇಟ್ಟಿದ್ರ ಕಳ್ಳನ ಉಗುರು ಹಳದಿ ಆಗ್ತಿತ್ತೇನೋ, ತಮ್ಮಾ?"

ಚನಮಲ್ಲಪ್ಪ ಮುಂದಿನ ಉಗಾದಿ ಕಾಣಲಿಲ್ಲ. ಹೊಳೆವ್ವ ಇನ್ನೂ ಕುರಿ ಕಾಯುತ್ತಾಳೆ. ನನ್ನ ಎರಡು ಹಲ್ಲು ಹೋದವು... ಅವಳೆದುರು ವಾದವೂ ಹೋಯಿತು.