ಮರುದಾರಿ ಹಿಡಿದ ನೋವು

"ಏನೇ ಇದು? ಗಂಡನಿಗೆ ಅಂಗಿ ಗುಂಡಿ ಹಾಕಿಕೊಡೋದು ಯಾವಾಗಿಂದ ಶುರುವಾಯ್ತು?"

ಕೋಣೆಯ ಬಾಗಿಲಲ್ಲಿ ಅತ್ತೆ ಒಟಿಲಿ ನಿಂತಿದ್ದಳು. ಆರ್ಡಿಸ್ ಬೆಚ್ಚಿಬಿದ್ದಳು. ಅವಳ ಬೆರಳುಗಳು ಗಂಡ ವರ್ಜಿಲ್‌ನ ಕತ್ತಿನ ಕೆಳಗಿನ ಗುಂಡಿಯ ಮೇಲೆಯೇ ನಿಂತುಬಿಟ್ಟವು. ವರ್ಜಿಲ್ ನಗಲು ನೋಡಿದ. "ಪ್ರೀತಿ ಕಣಮ್ಮ, ಪ್ರೀತಿ. ನಿನಗ್ಯಾಕೆ ಹೊಟ್ಟೆಕಿಚ್ಚು?" ಎಂದ. ಒಟಿಲಿ ನಗಲಿಲ್ಲ. ಸೊಸೆಯ ಮುಖವನ್ನು ಒಮ್ಮೆ, ಮಗನ ಬಲಗೈಯನ್ನು ಒಮ್ಮೆ ನೋಡಿ, "ಮುಂದಿನ ಕೋಣೇಲಿ ಜನ ಕಾಯ್ತಿದ್ದಾರೆ" ಎಂದಷ್ಟೇ ಹೇಳಿ ಹೋದಳು. ಅವಳ ಹೆಜ್ಜೆಯ ಸದ್ದು ಅಡಗುವವರೆಗೂ ಗಂಡಹೆಂಡಿರಿಬ್ಬರೂ ಉಸಿರು ಬಿಡಲಿಲ್ಲ.

ಮಿಸಿಸಿಪ್ಪಿ ದಂಡೆಯ ನಮ್ಮೂರಲ್ಲಿ ನದಿಯ ಚಿಪ್ಪಿನಿಂದ ಗುಂಡಿ ಮಾಡುವ ಕಾರ್ಖಾನೆ ಇತ್ತು. ದಿನವಿಡೀ ಬಗ್ಗಿ ರಟ್ಟಿಗೆ ಗುಂಡಿ ಹೊಲಿಯುವ ಹೆಂಗಸರಿಗೆ ಕತ್ತು ಹಿಡಿಯುತ್ತಿತ್ತು. ತೆನೆ ಮುರಿಯುವವರಿಗೆ ಮಣಿಕಟ್ಟು, ಹಂದಿ ಸಾಕುವವರಿಗೆ ಸೊಂಟ, ಟ್ರ್ಯಾಕ್ಟರ್ ಮೇಲೆ ಕೂತವರಿಗೆ ಕುಂಡಿಯಿಂದ ಹಿಮ್ಮಡಿವರೆಗೆ ಸೆಳೆಯುವ ನರದ ನೋವು. ಎಲ್ಲರೂ ಬರುತ್ತಿದ್ದುದು ಒಟಿಲಿಯ ಬಳಿಗೆ. ಡೇವನ್‌ಪೋರ್ಟ್ ಪಟ್ಟಣದ ಶಾಲೆಯಲ್ಲಿ ಗಂಡನ ಜೊತೆಯಲ್ಲೇ ಕೂತು, ಬರಿಗೈಯಲ್ಲಿ ಬೆನ್ನುಮೂಳೆ ಕೂರಿಸುವ ಕೈರೊಪ್ರಾಕ್ಟಿಕ್ ವಿದ್ಯೆ ಕಲಿತವಳು ಅವಳು. ಬೋರಲು ಮಲಗಿದವರ ಬೆನ್ನುಮೂಳೆಯ ಮೇಲೆ ಎರಡು ಬೆರಳು ಇಳಿಸುತ್ತಾ ಬಂದು, "ಇಲ್ಲಿ, ಅಲ್ವಾ?" ಎನ್ನುತ್ತಿದ್ದಳು. "ಅಯ್ಯೋ, ಅಲ್ಲೇ ಡಾಕ್ಟ್ರಮ್ಮ!" ಎನ್ನುವಷ್ಟರಲ್ಲಿ ಟಕ್ ಎಂದು ಸದ್ದಾಗುತ್ತಿತ್ತು. ಡೊಂಕಾಗಿ ಬಂದವನು ನೆಟ್ಟಗೆ ನಡೆದು ಹೋಗುವುದನ್ನು ನಾವೆಲ್ಲ ಕಣ್ಣಾರೆ ಕಂಡವರೇ. ಆ ಕೈಗುಣವನ್ನು ಅಲ್ಲಗಳೆದವನನ್ನು ಊರಿನ ಹಜಾಮ ಕೂಡ ಕುರ್ಚಿಯಿಂದ ಎಬ್ಬಿಸಿ ಕಳಿಸುತ್ತಿದ್ದ.

ಆ ಮನೆಗೆ ಔಷಧಿ ಬರುವಂತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೈರೊಪ್ರಾಕ್ಟಿಕನ್ನು ಕಾನೂನು ಇನ್ನೂ ಒಪ್ಪಿರದ ಕಾಲದಲ್ಲಿ, ಪರವಾನಗಿ ಇಲ್ಲದೆ ವೈದ್ಯವೃತ್ತಿ ಮಾಡುತ್ತಾನೆಂದು ಯಾವನೋ ಡಾಕ್ಟರು ದೂರು ಕೊಟ್ಟು ಒಟಿಲಿಯ ಗಂಡ ಆಗಸ್ಟ್‌ನನ್ನು ಜೈಲಿಗೆ ಹಾಕಿಸಿದ್ದ. ತಪ್ಪಾಯಿತು ಎಂದಿದ್ದರೆ ಅಂದೇ ಬಿಡುತ್ತಿದ್ದರು. ಅವನು ಅನ್ನಲಿಲ್ಲ. ಅಲ್ಲಿ ಅಂಟಿದ ಕೆಮ್ಮಿನಲ್ಲೇ ಸತ್ತ. ಕಂಕುಳಲ್ಲಿ ವರ್ಜಿಲ್‌ನನ್ನು ಎತ್ತಿಕೊಂಡು ಗಂಡನನ್ನು ಮಣ್ಣು ಮಾಡಿ ಬಂದ ಒಟಿಲಿ, ಇನ್ನು ಆಸ್ಪತ್ರೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟಳು. ಮಗನನ್ನೂ ಅದೇ ಶಾಲೆಗೆ ಕಳಿಸಿ ಅದೇ ವಿದ್ಯೆ ಕಲಿಸಿದಳು. ಅಂಥವಳ ಮನೆಗೆ ಸೊಸೆಯಾಗಿ ಬಂದ ಆರ್ಡಿಸ್‌ಳ ಅಣ್ಣನಿಗೆ ಡೇವನ್‌ಪೋರ್ಟಿನಲ್ಲಿ ಔಷಧಿ ಅಂಗಡಿ! ಬೆಕ್ಕಿನ ಮನೆಗೆ ಇಲಿಯ ಬೀಗರು ಬಂದಂತಾಯಿತು. ಆರ್ಡಿಸ್ ತವರಿನಿಂದ ಬಂದಾಗಲೆಲ್ಲ ಒಟಿಲಿ, "ಕೊಡು, ಚೀಲ ನಾನು ಒಳಗಿಡ್ತೀನಿ" ಎಂದು ಕೈಯಲ್ಲಿ ತೂಗಿ ನೋಡುತ್ತಿದ್ದಳು. ಸೊಸೆ ಬೆರೆಸಿದ ಕಾಫಿಯನ್ನು ಮಗನ ಮುಂದೆ ಇಡುವ ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು!

ಇತ್ತ ವರ್ಜಿಲ್‌ನ ಬಲಗೈ ಕೆಡುತ್ತಾ ಬಂದಿತ್ತು. ಮೊದಲು ಕತ್ತಿನಿಂದ ತೋಳಿಗೆ ನೋವು, ಆಮೇಲೆ ಜೋಮು. ತಾಯಿ ಬೆಳಿಗ್ಗೆ ಬೆಳಿಗ್ಗೆ ಅವನನ್ನು ಮಲಗಿಸಿ ಕತ್ತಿನ ಮೂಳೆ ಕೂರಿಸುತ್ತಿದ್ದಳು. ನೋವೇನೋ ಇಳಿಯಿತು, ಜೋಮು ಮಾತ್ರ ಏರಿತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ತಾಯಿ ಮಗ ಹೆದರಲಿಲ್ಲ, ಸಂತೋಷಪಟ್ಟರು. ಏಕೆಂದರೆ ಈ ವಿದ್ಯೆಯ ಹಳಬರಲ್ಲಿ ಒಂದು ನಂಬಿಕೆಯಿದೆ. ರೋಗ ಮೈಬಿಟ್ಟು ಹೋಗುವಾಗ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ, ಹೋಗುತ್ತಾ ಹಳೆಯ ನೋವುಗಳನ್ನೆಲ್ಲ ಒಂದೊಂದಾಗಿ ಮತ್ತೆ ತೋರಿಸುತ್ತದೆ ಎಂದು. ಅದನ್ನು ಮರುದಾರಿ ಎನ್ನುತ್ತಾರೆ. ಹೆಚ್ಚಾದರೆ ವಾಸಿಯಾಗುತ್ತಿದೆ ಎಂದೇ ಅರ್ಥ.

"ಅತ್ತೆ ಕೈ ಹಾಕಿದಾಗಲೆಲ್ಲ ನಿನಗೆ ಜಾಸ್ತಿ ಆಗತ್ತೆ. ನಾನು ನೋಡ್ತಾನೇ ಇದ್ದೀನಿ" ಎಂದು ಆರ್ಡಿಸ್ ಗಂಡನಿಗೆ ಹೇಳಿದಳು.

"ಆಗ್ಲೇಬೇಕು ಕಣೆ. ಅದೇ ಗುಣ ಆಗೋ ಲಕ್ಷಣ."

"ಗುಂಡಿ ಹಾಕೋಕೆ ಬರ್ತಿಲ್ಲ, ಪೆನ್ನು ಹಿಡಿಯೋಕೆ ಬರ್ತಿಲ್ಲ. ಮೆಟ್ಟಿಲು ಹತ್ತುವಾಗ ಕಾಲೂ ಎಡವ್ತಿದೆ. ಇದೆಂಥ ಗುಣ ಮಹರಾಯ? ಒಂದ್ಸಲ, ಒಂದೇ ಒಂದ್ಸಲ ಯಾರಾದ್ರೂ ಡಾಕ್ಟರಿಗೆ..."

"ಶ್! ಅಮ್ಮನ ಕಿವಿಗೆ ಬಿದ್ರೆ ಅಷ್ಟೇ. ಅಪ್ಪನ್ನ ಜೈಲಿಗೆ ಹಾಕಿಸಿದವರ ಮುಂದೆ ಹೋಗಿ ಅಂಗಿ ಬಿಚ್ಚಿ ಕೂರ್ಲಾ? ಆರ್ಡಿಸ್, ನನ್ನಾಣೆ, ಕಾಲಿನ ವಿಷಯ ಅಮ್ಮನಿಗೆ ಹೇಳ್ಬೇಡ. ಬೆರಳು ಹೋದ ಕೈರೊಪ್ರಾಕ್ಟರ್ ಹತ್ರ ಯಾರು ಬರ್ತಾರೆ? ಸ್ವಲ್ಪ ತಾಳು..."

ಅವಳು ತಾಳಿಕೊಂಡಳು. ಆದರೆ ಅನುಮಾನ ತಾಳಿಕೊಳ್ಳುವುದಿಲ್ಲವಲ್ಲ! ಒಳಕೋಣೆಯಿಂದ ಟಕ್ ಎಂಬ ಸದ್ದು ಕೇಳಿದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಬಾಗಿಲ ಕಡೆ ನೋಡುತ್ತಿದ್ದಳು. ಆ ಕೈಗಳೇ ನನ್ನ ಗಂಡನನ್ನು ತಿನ್ನುತ್ತಿವೆಯೇ? ಅತ್ತೆ ಗೊತ್ತಿದ್ದೂ ಸುಮ್ಮನಿದ್ದಾಳೆಯೇ? ಅವನನ್ನು ಹೆತ್ತ ತಾಯಿಯ ಬಗ್ಗೆ ಹೀಗೆ ಯೋಚಿಸಿದೆನಲ್ಲ ಎಂದು ಮರುಕ್ಷಣವೇ ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದಳು. ಒಟಿಲಿಗಾದರೋ, ಮಗ ಗುಂಡಿ ಹಾಕಿಸಿಕೊಂಡ ಆ ಬೆಳಿಗ್ಗೆಯಿಂದ ಒಂದೇ ಗುಂಗು ಹಿಡಿದಿತ್ತು. ಜೋಮು ಮರುದಾರಿಯದೇ ಇರಲಿ, ಆದರೆ ಕೆಲಸ ಮಾಡುವ ಗಂಡಸಿನ ಬೆರಳು ಸುಮ್ಮನೆ ಮರಗಟ್ಟುವುದಿಲ್ಲ. ಇವಳೇ ಏನೋ ತಿನ್ನಿಸುತ್ತಿದ್ದಾಳೆ! ಒಂದೇ ಮನೆ, ಒಂದೇ ಒಲೆ, ಒಬ್ಬನಿಗಾಗಿಯೇ ಇಬ್ಬರೂ ಸಂಕಟಪಡುತ್ತಿದ್ದರು. ಆದರೆ ಒಬ್ಬರಿಗೆ ಇನ್ನೊಬ್ಬರು ಕೊಲೆಗಾತಿಯಂತೆ ಕಾಣುತ್ತಿದ್ದರು.

ಒಂದು ಭಾನುವಾರ ಅದು ಸಿಡಿಯಿತು. ಚರ್ಚಿನಿಂದ ಬಂದ ಮೇಲೆ, ಊಟಕ್ಕೆ ಕೂರುವ ಮುಂಚೆ, ಮನೆಯವರೆಲ್ಲ ಒಬ್ಬೊಬ್ಬರಾಗಿ ರೋಗಿಗಳನ್ನು ಮಲಗಿಸುವ ಉದ್ದನೆಯ ಮೇಜಿನ ಮೇಲೆ ಮಲಗಿ ಒಟಿಲಿಯಿಂದ ಬೆನ್ನು ನೋಡಿಸಿಕೊಳ್ಳುವುದು ಆ ಮನೆಯ ಪದ್ಧತಿ. ಅದಿಲ್ಲದೆ ಯಾರಿಗೂ ಊಟವಿಲ್ಲ. ಒಲೆಯ ಮೇಲೆ ಹಂದಿಮಾಂಸವೂ ಹುಳಿ ಎಲೆಕೋಸೂ ಬೇಯುತ್ತಿದ್ದವು. ಒಟಿಲಿ ದಾರ ಬೇಕೆಂದು ಸೊಸೆಯ ಹೊಲಿಗೆ ಬುಟ್ಟಿಗೆ ಕೈಹಾಕಿದಳಂತೆ. ಹಬ್ಬದಷ್ಟು ಪವಿತ್ರವಾದ ಭಾನುವಾರ ಅವಳಿಗೆ ಹೊಲಿಗೆ ನೆನಪಾಯಿತಂತೆ, ನಾವೂ ನಂಬೋಣ. ಬುಟ್ಟಿಯ ತಳದಲ್ಲಿ ಸಿಕ್ಕಿದ್ದು ಆಸ್ಪಿರಿನ್ ಸೀಸೆ.

"ವರ್ಜಿಲ್! ಬಾ ಇಲ್ಲಿ! ನಿನ್ನ ಹೆಂಡತಿ ನಿನಗೆ ಏನು ತಿನ್ನಿಸ್ತಿದ್ದಾಳೆ ನೋಡು ಬಾ!"

"ಅದು ನನ್ನ ತಲೆನೋವಿಗೆ, ಅತ್ತೆ..." ಆರ್ಡಿಸ್ ಸೀಸೆಗೆ ಕೈ ಚಾಚಿದಳು.

"ತಲೆನೋವಂತೆ! ತಲೆನೋವು ಬಂದ್ರೆ ನಾನಿಲ್ವಾ? ಇಡೀ ಊರು ನನ್ನ ಮುಂದೆ ಕತ್ತು ಬಗ್ಗಿಸತ್ತೆ, ನಿನ್ನ ತಲೆನೋವಿಗೆ ಮಾತ್ರ ನನ್ನ ಕೈ ಬೇಡ! ಬೇಡದಿದ್ರೆ ಹಾಳಾಗಿಹೋಗು. ನನ್ನ ಮಗನ ನರ ಯಾಕೆ ಸಾಯಿಸಿದೆ? ಅವನ ಕೈ ಹೋಗಿದ್ದು ಇದರಿಂದಲೇ! ಅಣ್ಣನೂ ತಂಗಿನೂ ಸೇರಿ ಈ ಮನೆಗೆ ವಿಷ ಇಟ್ರಿ! ಗಂಡನ್ನ ಆ ಜನ ತಿಂದ್ರು, ಮಗನ್ನ ನೀನು ತಿಂತಿದ್ದೀಯ! ಏಳು, ಬಟ್ಟೆ ಕಟ್ಟು! ಇವತ್ತೇ ನಿನ್ನಣ್ಣನ ಮನೆಗೆ ನಡಿ!"

"ಅಮ್ಮಾ, ಸಾಕು!" ಮಹಡಿಯ ಮೆಟ್ಟಿಲಿನ ಮೇಲಿಂದ ವರ್ಜಿಲ್ ಕೂಗಿದ. "ಅವಳು ನನಗೆ ಒಂದು ಗುಳಿಗೆನೂ ಕೊಟ್ಟಿಲ್ಲ! ನನ್ನಾಣೆ..."

ಮಾತು ಮುಗಿಯಲಿಲ್ಲ. ಆತುರದಲ್ಲಿ ಇಳಿಯಲು ಹೊರಟ ಅವನ ಬಲಗಾಲು ಮೆಟ್ಟಿಲನ್ನು ಮುಟ್ಟಿದರೂ ನಿಲ್ಲಲಿಲ್ಲ. ಮನುಷ್ಯ ಮಣ್ಣಿನ ಮುದ್ದೆಯಂತೆ ಉರುಳಿ ಬಂದು ಇಬ್ಬರ ಕಾಲ ಬಳಿ ಬಿದ್ದ. ಆರ್ಡಿಸ್ ಚೀರಿದಳು. ಒಟಿಲಿ ಮೊಣಕಾಲೂರಿ ಮಗನ ಕಾಲನ್ನು ತಡವಿದಳು. "ಎತ್ತು, ಎತ್ತೋ" ಎಂದಳು. ಅವನು ಹಲ್ಲು ಕಚ್ಚಿದ. ಕಾಲು ಮರದ ಕೊರಡಿನಂತೆ ಸೆಟೆದುಕೊಂಡು ನಡುಗಿತೇ ಹೊರತು ಮಾತು ಕೇಳಲಿಲ್ಲ.

ಆಗ ಆ ತಾಯಿಯ ಮುಖ ಅರಳಿತು. ನಂಬಿಕೆ ಎನ್ನುವುದು ಎಷ್ಟು ಕುರುಡು ನೋಡಿ! "ಹೆದರ್ಬೇಡ ಕಂದ. ಕಾಲಿಗೂ ಬಂತು ಅಂದ್ರೆ ಮರುದಾರಿ ಕೊನೆಗೆ ಬಂತು ಅಂತ. ಇನ್ನೇನು ಬಿಟ್ಟು ಹೋಗತ್ತೆ..."

"ಅತ್ತೆ." ಆರ್ಡಿಸ್ ಕಣ್ಣೊರೆಸಿಕೊಂಡು ನೇರವಾಗಿ ಕೇಳಿದಳು. "ರೋಗ ಬಂದ ದಾರೀಲೇ ಹೋಗತ್ತೆ ಅಂತೀರಿ. ಹಾಗಾದ್ರೆ ಹೇಳಿ, ಇವನಿಗೆ ಈ ಕಾಲು ಮುಂಚೆ ಯಾವಾಗ ಸೋತಿತ್ತು?"

"ಯಾಕೆ, ಚಿಕ್ಕವನಿದ್ದಾಗ..." ಎಂದು ಶುರುಮಾಡಿದ ಒಟಿಲಿ ನಿಂತುಬಿಟ್ಟಳು. ಹುಲ್ಲಿನ ಅಟ್ಟದಿಂದ ಬಿದ್ದಿದ್ದ, ಮುರಿದಿದ್ದು ಕತ್ತಿನ ಪಕ್ಕದ ಮೂಳೆ. ದಡಾರ ಬಂದಿತ್ತು. ಕುದುರೆ ಒದ್ದಿತ್ತು, ಎಡ ಪಕ್ಕೆಗೆ. ಹಲ್ಲು ಬಂದ ದಿನದಿಂದ ಆ ಮೈಯಲ್ಲಿ ಆದದ್ದೆಲ್ಲ ಅವಳಿಗೆ ಬಾಯಿಪಾಠ. ಒಂದೊಂದನ್ನೇ ಹುಡುಕಿದಳು. ಬಲಗಾಲು ಎಂದೂ ಸೋತಿರಲಿಲ್ಲ! ಬಾರದೇ ಇದ್ದ ದಾರಿಯಲ್ಲಿ ನೋವು ವಾಪಸ್ಸು ಹೋಗುವುದಾದರೂ ಹೇಗೆ?

"ಮೇಜಿನ ಮೇಲೆ ಮಲಗಿಸು" ಎಂದಳು ಕೊನೆಗೆ. ಅತ್ತೆ ಸೊಸೆ ಸೇರಿ ಎತ್ತಿ ಮಲಗಿಸಿದರು. ಆರ್ಡಿಸ್ ಅಡ್ಡ ನಿಂತು, "ನಿಮ್ಮ ಕಾಲಿಗೆ ಬೀಳ್ತೀನಿ, ಕತ್ತಿಗೆ ಮಾತ್ರ ಕೈ ಹಾಕ್ಬೇಡಿ!" ಎಂದು ಅಳತೊಡಗಿದಳು. ಒಟಿಲಿ ಕತ್ತು ಮುಟ್ಟಲಿಲ್ಲ. ಮಗನ ಬಲಗಾಲಿನ ಕಾಲುಚೀಲ ಎಳೆದು, ಅಂಗಾಲಿನ ಉದ್ದಕ್ಕೂ ಹೆಬ್ಬೆರಳ ಉಗುರಿನಿಂದ ಗೀರಿದಳು. ಕೆಳಗೆ ಮಡಿಯಬೇಕಾದ ಕಾಲ ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದಿತು. ಇನ್ನೊಮ್ಮೆ ಗೀರಿದಳು. ಮತ್ತೆ ಮೇಲಕ್ಕೇ. ಹಾಗೆ ಎದ್ದರೆ ತೊಂದರೆ ಕೀಲಿನದಲ್ಲ, ಮಾಂಸಖಂಡದ್ದಲ್ಲ, ಒಳಗೆ ಬೆನ್ನುಹುರಿಯನ್ನೇ ಏನೋ ಅಮುಕುತ್ತಿದೆ ಎಂದು ಅವರ ಶಾಲೆಯಲ್ಲೂ ಕಲಿಸಿದ್ದರು. ಇಷ್ಟು ದಿನ ಅವಳೇಕೆ ಗೀರಿ ನೋಡಲಿಲ್ಲ? ನೋಡುವ ಅಗತ್ಯವೇ ಕಂಡಿರಲಿಲ್ಲ. ಅನುಮಾನವನ್ನೆಲ್ಲ ಸೊಸೆಯ ಮೇಲೆ ಸುರಿದವಳ ಬಳಿ ತನ್ನ ಮೇಲೆ ಇಟ್ಟುಕೊಳ್ಳಲು ಒಂದು ಚೂರೂ ಉಳಿದಿರಲಿಲ್ಲ.

"ಇದು ನನ್ನ ಕೈಯಲ್ಲಿ ಆಗೋದಲ್ಲ" ಎಂದಳು ಒಟಿಲಿ. ಅಂಥ ಮಾತು ಅವಳ ಬಾಯಿಂದ ಬಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಕಾರು ತೆಗಿ, ಆರ್ಡಿಸ್. ಅಯೋವಾ ಸಿಟಿಯ ದೊಡ್ಡ ಆಸ್ಪತ್ರೆಗೆ."

"ಅಮ್ಮಾ, ಬೇಡ... ನೀನಿಟ್ಟ ಆಣೆ..." ವರ್ಜಿಲ್ ಮೇಜಿನ ಮೇಲಿಂದ ಏಳಲು ನೋಡಿದ.

"ಆಣೆ ಇಟ್ಟವಳು ನಾನು, ಮುರಿಯೋಳೂ ನಾನೇ. ನಿಮ್ಮಪ್ಪನಿಗೆ ನಾನು ಆಮೇಲೆ ಹೇಳ್ಕೋತೀನಿ. ನೀನು ಬಾಯಿ ಮುಚ್ಚು!"

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದಂತೆ ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು, ದಾಟಿದಳು. ಇಷ್ಟು ದಿನ ನೋಡುತ್ತಿದ್ದವರು ಯಾರೆಂದು ಎಳೆಯ ಡಾಕ್ಟರೊಬ್ಬ ಕೇಳಿದಾಗ, "ನಾನು, ಕೈರೊಪ್ರಾಕ್ಟರ್" ಎಂದು ಗಟ್ಟಿಯಾಗಿಯೇ ಹೇಳಿದಳು. ಅವನ ತುಟಿ ಕೊಂಕಿತು. ಬೇರೆ ದಿನವಾಗಿದ್ದರೆ ಆ ತುಟಿಗೆ ತಕ್ಕ ಉತ್ತರ ಸಿಗುತ್ತಿತ್ತು. ಅಂದು ಅವಳು ತಲೆತಗ್ಗಿಸಿದಳು. ಪಕ್ಕದಲ್ಲಿ ನಿಂತಿದ್ದ ಆರ್ಡಿಸ್, "ಕಾಲು ಸೋಲ್ತಿದ್ದದ್ದು ನನಗೆ ಗೊತ್ತಿತ್ತು. ಹೇಳದೆ ಮುಚ್ಚಿಟ್ಟವಳು ನಾನು. ಬೈಯೋದಿದ್ರೆ ನನಗೂ ಬೈರಿ" ಎಂದಳು. ಒಟಿಲಿ ತಿರುಗಿ ಸೊಸೆಯನ್ನು ನೋಡಿದಳು.

ಕತ್ತಿನ ಒಳಗೆ, ಬೆನ್ನುಹುರಿಗೆ ಒತ್ತಿಕೊಂಡು ಗೆಡ್ಡೆಯೊಂದು ಬೆಳೆದಿತ್ತು. ಅದನ್ನು ತೆಗೆದರು. ಶಸ್ತ್ರಚಿಕಿತ್ಸೆ ಮಾಡಿದ ಹಿರಿಯ ಡಾಕ್ಟರು ಹೊರಗೆ ಬಂದು, ಜೀವಕ್ಕೆ ಭಯವಿಲ್ಲ, ಕೋಲು ಹಿಡಿದು ನಡೆಯಬಹುದು, ಆದರೆ ಬಲಗೈಯ ಬೆರಳುಗಳು ಮೊದಲಿನಂತಾಗಲಾರವು, ಆ ಕೈ ಇನ್ನು ಯಾರ ಬೆನ್ನನ್ನೂ ನೋಡಲಾರದು ಎಂದರು. ಇನ್ನೂ ಮುಂಚೆ ಬಂದಿದ್ದರೆ... ಎಂದು ಶುರುಮಾಡಿ, ಮುದುಕಿಯ ಮುಖ ನೋಡಿ, ಅಲ್ಲಿಗೇ ಬಿಟ್ಟು ಎದುರಿನ ತಮ್ಮ ಕೋಣೆಗೆ ಹೋದರು.

ಒಟಿಲಿ ಬೆಂಚಿನ ಮೇಲೆ ಕೂತಳು. ಸೊಸೆಯ ತೋಳು ಹಿಡಿದು, "ಆರ್ಡಿಸ್" ಎಂದಳು. "ನೀನು ಹೋಗಿ ಅವರನ್ನ ಒಂದು ಮಾತು ಕೇಳು. ನನಗೆ ಬಾಯಿ ಬರ್ತಿಲ್ಲ. ದಿನಾ ಬೆಳಿಗ್ಗೆ ನಾನು ಕತ್ತಿಗೆ ಕೈ ಹಾಕ್ತಿದ್ನಲ್ಲ... ಅದರಿಂದ... ಅದರಿಂದಲೇ ಕೈ ಹೋಯ್ತಾ ಅಂತ ಕೇಳು."

ಆರ್ಡಿಸ್ ಹೋದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಏನಂತ ಹೇಳ್ಲಮ್ಮ? ಗೆಡ್ಡೆ ತಾನಾಗೇ ಬೆಳೆದಿದ್ದು, ಅದು ಅವರ ತಪ್ಪಲ್ಲ. ಆದರೆ ಗೆಡ್ಡೆ ಇರೋ ಕತ್ತನ್ನ ದಿನಾ ತಿರುಗಿಸಿದ್ರೆ ಬೆನ್ನುಹುರಿಗೆ ಏಟು ಬಿದ್ದಿರಬಹುದು. ಬಿದ್ದಿರಬಹುದು, ಇಲ್ದೇನೂ ಇರಬಹುದು. ಯಾರಿಗೂ ಖಚಿತವಾಗಿ ಹೇಳೋಕಾಗಲ್ಲ."

ಆರ್ಡಿಸ್ ಬಾಗಿಲ ಬಳಿ ನಿಂತಳು. ಹಜಾರದ ಆಚೆ ಬೆಂಚಿನ ಮೇಲೆ ಅತ್ತೆ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡುತ್ತಾ ಕೂತಿದ್ದಳು. ಅತ್ತೆ ಆಡಿದ ಮಾತುಗಳೆಲ್ಲ ಆರ್ಡಿಸ್‌ಗೆ ನೆನಪಾದವು... ವಿಷ ಇಟ್ಟವಳು, ಮಗನನ್ನು ತಿನ್ನುವವಳು! ಈಗ ಡಾಕ್ಟರು ಅಂದದ್ದನ್ನು ಅಂದಂತೆಯೇ ಹೇಳಿದರೂ ಸಾಕಿತ್ತು, ಅವೆಲ್ಲಕ್ಕೂ ಬಡ್ಡಿಸಮೇತ ಲೆಕ್ಕ ತೀರುತ್ತಿತ್ತು. ಅವಳು ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ಏನಂದ್ರು?"

"ಇಲ್ವಂತೆ ಅತ್ತೆ. ನಿಮ್ಮ ಕೈಯಿಂದ ಏನೂ ಆಗಿಲ್ವಂತೆ."

"ಹಾಗೇ ಅಂದ್ರಾ?"

"ಹಾಗೇ ಅಂದ್ರು."

ಒಟಿಲಿ ಸೊಸೆಯ ಕಣ್ಣುಗಳನ್ನೇ ದಿಟ್ಟಿಸಿ ನೋಡಿದಳು. ಡಾಕ್ಟರ ಕೋಣೆ ಎದುರಿಗೇ ಇತ್ತು, ಬಾಗಿಲು ತೆರೆದೇ ಇತ್ತು. ಎದ್ದು ಹೋಗಿ ತಾನೇ ಕೇಳಬಹುದಿತ್ತು. ಅವಳು ಏಳಲಿಲ್ಲ.

"ಆಗಲಿ ಮಗಳೇ" ಎಂದಳು.