ತುಂಬಿದ ದೋಣಿ

ನಮ್ಮಪ್ಪ ಚಿಕ್ಕಯ್ಯ ಕೆ.ಆರ್.ಪೇಟೆ ಕಡೆಯ ಹಿನ್ನೀರಿನಲ್ಲಿ ನಲವತ್ತು ವರ್ಷ ಮರದ ದೋಣಿ ನಡೆಸಿದವನು. ಜನ ತುಂಬಿದರೆ ಬಿದಿರಿನ ಗಳದಿಂದ ಹಲಗೆಗೆ ಮೂರು ಸಲ ಕುಟ್ಟುತ್ತಿದ್ದ. ಆಮೇಲೆ ಯಾರೂ ಹತ್ತುವಂತಿರಲಿಲ್ಲ. ಸೇತುವೆ ಬಂದ ಮೇಲೆ, ಮೀನಾದರೂ ಮನೆ ಮಾಡಲಿ ಎಂದು ಕಲ್ಲು ಸುರಿದು ದೋಣಿಯನ್ನು ದಡದ ಹತ್ತಿರವೇ ಮುಳುಗಿಸಿದೆವು.

ಹೋದ ಕಾರ್ತಿಕದ ಒಂದು ಬೆಳಿಗ್ಗೆ ಬಲೆ ಬಿಡಲು ನಾನೂ ಇಬ್ಬರು ಗೆಳೆಯರೂ ಅಲ್ಲೇ ತೆಪ್ಪದಲ್ಲಿ ಕೂತಿದ್ದೆವು. ನನ್ನ ಮಗಳು ರಂಜಿತ ಹತ್ತಲು ಬಂದಳು. ನೀರಿನಡಿಯಿಂದ ಮೂರು ಕುಟ್ಟು ಅಂಗಾಲಿಗೆ ತಾಗಿತು.

"ನೀನು ದಡದಲ್ಲೇ ಇರವ್ವ" ಎಂದೆ.

ನಡುನೀರಿನಲ್ಲಿ ತೆಪ್ಪ ಮಗುಚಿತು. ನಾವು ಈಜಿಕೊಂಡು ಬಂದೆವು. ಈಜು ಬಾರದ ರಂಜಿತ ದಡದಲ್ಲಿ ನಿಂತಿದ್ದನ್ನು ನೋಡಿ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಆ ಮೂರು ಕುಟ್ಟಿನ ವಿಷಯ ಹೇಳಿದೆ. "ದೋಣಿ ತನ್ ಕೆಲ್ಸ ಮರ್ತಿಲ್ಲ ಕಣ್ಲಾ" ಎಂದ ಅಪ್ಪ.

ಬೇಸಿಗೆಯಲ್ಲಿ ನೀರಿಳಿದು ದೋಣಿ ಕಂಡಿತು. ನಾವು ರಾಶಿಯಾಗಿ ಸುರಿದಿದ್ದ ಕಲ್ಲುಗಳು ಅದರೊಳಗೆ ಎರಡೂ ಬದಿಯಲ್ಲಿ ಸಾಲಾಗಿದ್ದವು, ಜನ ಕೂತ ಹಾಗೆ.